ಗಾನಯೋಗಿಯ ಚಿತ್ರವೂ ಕಡಲ ಸೀಮೆಯ ನಮ್ಮ ಮನೆಗಳೂ

ನೇತ್ರಾವತಿಯ ದಡದ ಬಂಟ್ವಾಳ, ಘಟ್ಟದ ಬುಡದ ಬೆಳ್ತಂಗಡಿ, ಸಾವಿರ ಕಂಬದ ಬಸದಿಯ ಮೂಡುಬಿದಿರೆ ಈ ಮೂರೂ ಕಡೆಗಳಲ್ಲಿ ನಮ್ಮ ಸಮಾಜದ ಮನೆಗಳು ವಿರಳ. ಇರುವವರಲ್ಲಿ ಬಹುಪಾಲು ಜನ ಹೊಟ್ಟೆಪಾಡಿಗಾಗಿ ಘಟ್ಟ ಇಳಿದು ಬಂದವರು. ಹಾವೇರಿ, ಗದಗ, ಬಾಗಲಕೋಟೆ, ವಿಜಯಪುರದ ಕಡೆಯಿಂದ ಬಂದ ಶಾಲಾ ಶಿಕ್ಷಕರು, ಬ್ಯಾಂಕಿನ ನೌಕರರು, ಸಾರಿಗೆ ಬಸ್ಸಿನ ಚಾಲಕ ನಿರ್ವಾಹಕರು, ಪೋಲೀಸರು, ಕಟ್ಟಡದ ಕೆಲಸದವರು. ಐದು ವರ್ಷವಿದ್ದು ವರ್ಗ ಮಾಡಿಸಿಕೊಂಡು ಹೋಗೋಣವೆಂದು ಬಂದವರು ಇಪ್ಪತ್ತೈದು ವರ್ಷ ಕಳೆದಿದ್ದಾರೆ. ಮಕ್ಕಳು ಇಲ್ಲಿಯೇ ಹುಟ್ಟಿ, ಇಲ್ಲಿಯೇ ಓದಿ, ಮನೆಯಂಗಳದಲ್ಲಿ ತುಳು ಮಾತನಾಡುತ್ತ ಬೆಳೆದಿದ್ದಾರೆ. ಯಕ್ಷಗಾನದ ಚೆಂಡೆಯ ಸದ್ದು ಕೇಳಿದರೆ ಅವರ ಕಾಲು ಕುಣಿಯುತ್ತದೆ. ಅದು ಸಂತೋಷದ ವಿಷಯವೇ. ಅನ್ನವಿಟ್ಟ ನೆಲದ ಕಲೆಯನ್ನು ಪ್ರೀತಿಸುವುದು ಶರಣಧರ್ಮಕ್ಕೆ ಹೊರತಾದುದಲ್ಲ.

ಆದರೆ ಕಳೆದ ಶ್ರಾವಣದಲ್ಲಿ ಮೂಡುಬಿದಿರೆಯ ಭಕ್ತರೊಬ್ಬರ ಮನೆಗೆ ಪ್ರವಚನಕ್ಕೆಂದು ಹೋದಾಗ ಆ ಮನೆಯ ತಾಯಿ ಹೇಳಿದ ಮಾತು ನನ್ನ ಮನಸ್ಸಿನಲ್ಲಿ ನಿಂತಿತು. "ಶಾಸ್ತ್ರಿಗಳ, ನಮ್ಮ ಹುಡುಗ್ರಿಗೆ ಹಾನಗಲ್ಲು ಅಂದ್ರ ಅಜ್ಜಿ ಊರು, ಅಷ್ಟ ಗೊತ್ತು. ಅಲ್ಲಿ ಯಾರು ಆಗಿಹೋದ್ರು, ಏನು ನಡದಿತ್ತು, ಒಂದೂ ಗೊತ್ತಿಲ್ರಿ. ಲಿಂಗ ಕಟ್ಟಿಸೇವಿ, ಅದು ದೇವರ ಜಗಲಿ ಮ್ಯಾಲ ಕುಂತೈತಿ" ಎಂದರು ಆಕೆ. ಇಷ್ಟಲಿಂಗವು ಎದೆಯ ಮೇಲಿಂದ ಜಗಲಿಗೆ ಏರಿದ್ದು ಒಂದು ದಿನದಲ್ಲಿ ಆದ ಕೆಲಸವಲ್ಲ. ಮೊದಲು ಊರಿನ ಹೆಸರು ಮರೆಯುತ್ತದೆ, ಬಳಿಕ ಹಿರಿಯರ ಕಥೆ ಮರೆಯುತ್ತದೆ, ಕೊನೆಗೆ ಆಚಾರವು ಅರ್ಥವಿಲ್ಲದ ವಸ್ತುವಾಗಿ ಉಳಿಯುತ್ತದೆ.

ಆ ದಿನದ ಪ್ರವಚನವನ್ನು ನಾನು ಅರ್ಧಕ್ಕೆ ನಿಲ್ಲಿಸಿದೆ. ಮನೆಯವರ ಬಳಿ ಒಂದು ಹಳೆಯ ಕನ್ನಡ ಚಲನಚಿತ್ರವಿತ್ತು. ಮರುದಿನ ಸಂಜೆ ಬಂಟ್ವಾಳ, ಬೆಳ್ತಂಗಡಿಗಳಿಂದಲೂ ಕೆಲವು ಮನೆಯವರನ್ನು ಕರೆಸಿ, ಎಲ್ಲರೂ ಕೂಡಿ ಆ ಚಿತ್ರವನ್ನು ನೋಡಿದೆವು. ಅದರ ಹೆಸರು 'ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ'.

ಹಾನಗಲ್ಲ ಸೀಮೆಯ ಇಬ್ಬರು ಅಂಧ ಬಾಲಕರು

ಓದುಗರಲ್ಲಿ ಹಿರಿಯರಿಗೆ ಈ ಕಥೆ ಹೊಸದಲ್ಲ. ಆದರೂ ಕಿರಿಯರಿಗಾಗಿ ಮತ್ತೊಮ್ಮೆ ಹೇಳುವುದು ಕರ್ತವ್ಯ. 1892ರ ಫೆಬ್ರವರಿ 2ರಂದು ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯ ಬಡ ಜಂಗಮ ಮನೆತನವೊಂದರಲ್ಲಿ ಗದಿಗೆಯ್ಯ ಎಂಬ ಶಿಶು ಜನಿಸಿತು. ಶಿಶುವಿಗೆ ಹುಟ್ಟಿನಿಂದಲೇ ದೃಷ್ಟಿಯಿರಲಿಲ್ಲ. ಅವನಿಗಿಂತ ಮೊದಲು ಹುಟ್ಟಿದ ಅಣ್ಣ ಗುರುಬಸಯ್ಯನಿಗೂ ದೃಷ್ಟಿಯಿರಲಿಲ್ಲ. ಒಂದೇ ಮನೆಯಲ್ಲಿ ಇಬ್ಬರು ಅಂಧ ಮಕ್ಕಳು. ಆ ಕಾಲದ ಹಳ್ಳಿಯಲ್ಲಿ ಇಂಥ ಮಕ್ಕಳ ಮುಂದೆ ತೆರೆದಿದ್ದ ದಾರಿ ಯಾವುದೆಂಬುದನ್ನು ಊಹಿಸುವುದು ಕಷ್ಟವಲ್ಲ.

ಆದರೆ ಆ ಅಣ್ಣತಮ್ಮಂದಿರಿಗೆ ಕಂಠವಿತ್ತು. ಕೇಳಿದ್ದನ್ನು ಕೇಳಿದಂತೆಯೇ ಹಾಡುವ ಶಕ್ತಿಯಿತ್ತು. ಹಾನಗಲ್ಲ ವಿರಕ್ತಮಠದ ಪೂಜ್ಯ ಕುಮಾರ ಶಿವಯೋಗಿಗಳವರು ಈ ಬಾಲಕರ ಹಾಡನ್ನು ಕೇಳಿದರು. 1904ರಲ್ಲಿ ವೀರಶೈವ ಮಹಾಸಭೆಯನ್ನೂ, 1909ರಲ್ಲಿ ಬಾದಾಮಿಯ ಬಳಿ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನೂ ಕಟ್ಟಿದ ಆ ಮಹಾನುಭಾವರಿಗೆ ಸಮಾಜವೆಂದರೆ ಬಲ್ಲವರು, ಉಳ್ಳವರು ಮಾತ್ರ ಆಗಿರಲಿಲ್ಲ. ಕಣ್ಣಿಲ್ಲದ ಇಬ್ಬರು ಮಕ್ಕಳನ್ನು ಕರೆದುಕೊಂಡು ಅವರಿಗೆ ಶಾಸ್ತ್ರೋಕ್ತವಾಗಿ ಸಂಗೀತ ಕಲಿಸುವ ಏರ್ಪಾಟು ಮಾಡಿದರು.

ಅಣ್ಣ ಬಹುಕಾಲ ಜೊತೆಗಿರಲಿಲ್ಲ. ತಮ್ಮ ಉಳಿದ. ಮೈಸೂರಿಗೆ ಹೋಗಿ ಕರ್ನಾಟಕ ಸಂಗೀತವನ್ನು ಕಲಿತ. ಮುಂದೆ ಹಿಂದೂಸ್ತಾನಿ ಪದ್ಧತಿಯನ್ನೂ ಸಾಧಿಸಿ ಉಭಯ ಗಾನದಲ್ಲಿ ಪಾರಂಗತನೆನಿಸಿ, ಪಂಚಾಕ್ಷರ ಗವಾಯಿಗಳೆಂದು ನಾಡಿಗೆ ಪರಿಚಿತನಾದ. ಆದರೆ ಸಿರಿವಂತರ ಸಭೆಗಳಲ್ಲಿ ಹಾಡಿ ಸುಖವಾಗಿರಬಹುದಾಗಿದ್ದ ಅವರು ಆ ದಾರಿ ಹಿಡಿಯಲಿಲ್ಲ. ಅಂಧ, ಅನಾಥ, ಬಡ ಮಕ್ಕಳನ್ನು ಕೂಡಿಸಿಕೊಂಡು ಊರಿಂದೂರಿಗೆ ಸಂಚರಿಸುವ ಸಂಗೀತ ಪಾಠಶಾಲೆಯನ್ನು ನಡೆಸಿದರು. ಮಕ್ಕಳ ಹೊಟ್ಟೆ ತುಂಬಿಸಲು ನಾಟಕ ಕಂಪನಿಯನ್ನೂ ಕಟ್ಟಿದರು. ಆ ಸಂಚಾರ ಕೊನೆಗೆ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ನೆಲೆ ಕಂಡಿತು. 1944ರ ಜೂನ್ 11ರಂದು ಅವರು ಲಿಂಗೈಕ್ಯರಾದರು.

ಅವರ ಶಿಷ್ಯರಲ್ಲಿ ಒಬ್ಬರು ಹಾನಗಲ್ ತಾಲ್ಲೂಕಿನದೇ ದೇವಗಿರಿಯಲ್ಲಿ 1914ರಲ್ಲಿ ಜನಿಸಿದ, ಹಸುಗೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡ ಪುಟ್ಟರಾಜ ಗವಾಯಿಗಳು. ಗುರುವಿನ ತರುವಾಯ ಆಶ್ರಮದ ಹೊಣೆ ಹೊತ್ತು, 2010ರ ಸೆಪ್ಟೆಂಬರ್ 17ರಂದು ಲಿಂಗೈಕ್ಯರಾಗುವ ತನಕ ಅಸಂಖ್ಯ ಮಕ್ಕಳಿಗೆ ಅನ್ನ, ಅರಿವು, ಆಸರೆ ನೀಡಿದರು. ಅದೇ ವರ್ಷ ಭಾರತ ಸರ್ಕಾರ ಅವರಿಗೆ ಪದ್ಮಭೂಷಣ ಪ್ರಶಸ್ತಿಯನ್ನು ನೀಡಿತ್ತು. ಬಸವರಾಜ ರಾಜಗುರು, ಅರ್ಜುನಸಾ ನಾಕೋಡ, ಸಿದ್ಧರಾಮ ಜಂಬಲದಿನ್ನಿ ಮೊದಲಾದ ಮಹಾಗಾಯಕರೂ ಪಂಚಾಕ್ಷರ ಗವಾಯಿಗಳ ಗರಡಿಯಲ್ಲಿ ಪಳಗಿದವರೇ. ಆಶ್ರಮದ ಬಾಗಿಲಲ್ಲಿ ಜಾತಿಯನ್ನು ಕೇಳುವ ಪದ್ಧತಿ ಇರಲಿಲ್ಲ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ನಾವು ಗವಾಯಿಗಳ ಚರಿತ್ರೆಯನ್ನು ಹೇಳುವಾಗ ಗುರು ಶಿಷ್ಯ ಪರಂಪರೆಯನ್ನು ಹೊಗಳುತ್ತೇವೆ. ಅದು ಯುಕ್ತವೇ. ಆದರೆ ಆ ಪರಂಪರೆಯ ಮೊದಲ ಪಾಠ ನಡೆದದ್ದು ಮಠದಲ್ಲಲ್ಲ, ಮನೆಯ ಕತ್ತಲೆಯಲ್ಲಿ. ಅಣ್ಣನ ದನಿಯನ್ನು ತಮ್ಮ ಹಿಡಿದ, ತಮ್ಮನ ದನಿಯನ್ನು ಅಣ್ಣ ಹಿಡಿದ. ಕೈಹಿಡಿದು ನಡೆಸುವವನೂ ಕಾಣದವನೇ ಆದಾಗ, ದನಿಯೊಂದೇ ದಾರಿ. ಒಡಹುಟ್ಟಿದವನನ್ನು ಕಳೆದುಕೊಂಡ ಮೇಲೆ ಗವಾಯಿಗಳು ನೂರಾರು ಅಂಧ ಬಾಲಕರನ್ನು ತಮ್ಮವರನ್ನಾಗಿ ಮಾಡಿಕೊಂಡರು. ಒಬ್ಬ ಅಣ್ಣನ ಸ್ಥಾನವನ್ನು ಒಂದು ಆಶ್ರಮವೇ ತುಂಬಿತೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು.

ಚಿತ್ರವಾಗಿ ಬಂದ ಚರಿತ್ರೆ

ಈ ಜೀವನವನ್ನು 1995ರಲ್ಲಿ ಚಲನಚಿತ್ರವನ್ನಾಗಿ ನಿರ್ದೇಶಿಸಿದವರು ದಾವಣಗೆರೆಯ ಪ್ರಸಿದ್ಧ ರಂಗಭೂಮಿ ಮನೆತನದ ಚಿಂದೋಡಿ ಬಂಗಾರೇಶ್. ನಾಟಕ ಕಂಪನಿ ನಡೆಸಿ ಮಕ್ಕಳಿಗೆ ಅನ್ನವಿಟ್ಟ ಗವಾಯಿಗಳ ಕಥೆಯನ್ನು ಕಂಪನಿ ನಾಟಕದ ಮನೆತನದವರೇ ತೆರೆಗೆ ತಂದದ್ದು ಋಣಾನುಬಂಧವೆಂದೇ ನನ್ನ ಭಾವನೆ. ಲೋಕೇಶ್, ಗಿರೀಶ್ ಕಾರ್ನಾಡರಂಥ ನಟರು ಅದರಲ್ಲಿ ಅಭಿನಯಿಸಿದರು. ಸಂಗೀತ ನಿರ್ದೇಶನಕ್ಕಾಗಿ ಹಂಸಲೇಖರಿಗೂ, ಗಾಯನಕ್ಕಾಗಿ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ಲಭಿಸಿತು. ಮೋಡದ ಗರ್ಜನೆಯನ್ನು ವರ್ಣಿಸುವ ಹಿಂದೂಸ್ತಾನಿ ಚೀಜನ್ನು ಹಾಡಿ ಆ ಗೌರವ ಪಡೆದ ಬಾಲಸುಬ್ರಹ್ಮಣ್ಯಂ ಅವರು ಆಂಧ್ರದ ನೆಲ್ಲೂರಿನ ಕಡೆಯವರು. ತಾವು ಕ್ರಮಬದ್ಧವಾಗಿ ಶಾಸ್ತ್ರೀಯ ಸಂಗೀತ ಕಲಿತವರಲ್ಲವೆಂದು ಅವರೇ ವಿನಯದಿಂದ ಹೇಳಿಕೊಳ್ಳುತ್ತಿದ್ದರು. ಪರಭಾಷೆಯ ಕಂಠವೊಂದು ಹಾನಗಲ್ಲ ಸೀಮೆಯ ಗವಾಯಿಗಳಿಗೆ ದನಿಯಾಯಿತು. ಸಂಗೀತಕ್ಕೆ ಸೀಮೆಯಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಆ ರಾತ್ರಿ ಹೊರಗೆ ಮೂಡುಬಿದಿರೆಯ ಮಳೆ ಹೆಂಚಿನ ಮೇಲೆ ಸುರಿಯುತ್ತಿತ್ತು. ಒಳಗೆ ಮಕ್ಕಳು ಮಾತಿಲ್ಲದೆ ಕುಳಿತಿದ್ದರು. ಹತ್ತನೆಯ ತರಗತಿಯಲ್ಲಿ ಓದುವ ಹುಡುಗಿಯೊಬ್ಬಳು ಕೊನೆಗೆ ಕೇಳಿದಳು, "ಇದು ನಮ್ಮ ಅಜ್ಜಿಯ ಊರಿನ ಹತ್ತಿರವೇ ನಡೆದದ್ದಾ ಶಾಸ್ತ್ರಿಗಳೇ? ನಿಜವಾಗಿ?" ಹೌದು ತಾಯಿ, ನಿಜವಾಗಿ, ಎಂದೆ. ಮರುದಿನ ಬೆಳಗ್ಗೆ ಅವಳು ಬೇಲಿಯಾಚೆಯ ಗೆಳತಿಗೆ ಆ ಕಥೆಯನ್ನು ತುಳುವಿನಲ್ಲಿ ಹೇಳುತ್ತಿದ್ದುದನ್ನು ಕೇಳಿದೆ. ನನಗೆ ತುಳು ಬಾರದು. ಆದರೆ 'ಪಲಯೆ', 'ಮೆಗ್ಯೆ' ಎಂಬ ಎರಡು ಶಬ್ದಗಳು ಅಣ್ಣ, ತಮ್ಮ ಎಂಬುದಕ್ಕೆ ಅಲ್ಲಿನವರು ಬಳಸುವ ಮಾತೆಂದು ಮನೆಯವರು ತಿಳಿಸಿದರು. ನಮ್ಮ ಪರಂಪರೆ ಉಳಿಯಬೇಕಾದರೆ ಮಕ್ಕಳು ತುಳುವನ್ನು ಬಿಡಬೇಕೆಂದು ಭಾವಿಸುವ ತಂದೆತಾಯಿಗಳು ಇದನ್ನು ಅರಿಯಬೇಕು. ಕಥೆ ಗೊತ್ತಿದ್ದರೆ ಅದು ಯಾವ ಭಾಷೆಯಲ್ಲಾದರೂ ನಡೆಯುತ್ತದೆ. ಕಥೆಯೇ ಗೊತ್ತಿಲ್ಲದಿದ್ದರೆ ಭಾಷೆ ಏನು ಮಾಡೀತು?

ದೂರದ ಮೆಕ್ಸಿಕೋದವರ ಕಥೆ

ಆ ಮನೆಯ ಹಿರಿಯ ಮಗ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಉದ್ಯೋಗದಲ್ಲಿದ್ದು ರಜೆಗೆಂದು ಬಂದಿದ್ದ. ಚಿತ್ರ ಮುಗಿದ ಬಳಿಕ ಅವನು ಹೇಳಿದ ಸಂಗತಿ ಓದುಗರಿಗೂ ಉಪಯುಕ್ತವೆಂದು ಇಲ್ಲಿ ಬರೆಯುತ್ತಿದ್ದೇನೆ. ಅಲ್ಲಿ ಅವನ ಜೊತೆ ಕೆಲಸ ಮಾಡುವ ಮೆಕ್ಸಿಕೋ ಮೂಲದ ಗೆಳೆಯನೊಬ್ಬ ವರ್ಷಕ್ಕೊಮ್ಮೆಯಾದರೂ ತನ್ನ ಮನೆಮಂದಿಯೊಡನೆ 'ಲಾ ಬಾಂಬಾ' ಎಂಬ ಚಿತ್ರವನ್ನು ನೋಡುತ್ತಾನಂತೆ. 1987ರಲ್ಲಿ ಬಂದ ಆ ಚಿತ್ರ ರಿಚೀ ವ್ಯಾಲೆನ್ಸ್ ಎಂಬ ತರುಣ ಗಾಯಕನ ಜೀವನವನ್ನು ಕುರಿತದ್ದು.

ರಿಚೀ 1941ರಲ್ಲಿ ಕ್ಯಾಲಿಫೋರ್ನಿಯಾದ ಬಡ ಮೆಕ್ಸಿಕನ್ ಕುಟುಂಬದಲ್ಲಿ ಹುಟ್ಟಿದವನು. ವ್ಯಾಲೆನ್ಸುವೇಲಾ ಎಂಬ ಅವನ ಮನೆತನದ ಹೆಸರನ್ನು ಅಮೆರಿಕದ ಕಿವಿಗೆ ಒಗ್ಗುವಂತೆ ತುಂಡರಿಸಿ ವ್ಯಾಲೆನ್ಸ್ ಎಂದು ಮಾಡಲಾಯಿತು. ಅವನಿಗೆ ಹಿರಿಯರ ಸ್ಪ್ಯಾನಿಷ್ ಭಾಷೆ ಸರಿಯಾಗಿ ಬರುತ್ತಿರಲಿಲ್ಲ. ಆದರೆ ಮೆಕ್ಸಿಕೋದ ವೆರಾಕ್ರೂಸ್ ಪ್ರಾಂತದಲ್ಲಿ ಮದುವೆ ಮನೆಗಳಲ್ಲಿ ಹಾಡಿ ಕುಣಿಯುತ್ತಿದ್ದ ಹಳೆಯ ಜನಪದ ಹಾಡೊಂದನ್ನು ಅವನು 1958ರಲ್ಲಿ ಹೊಸ ವಾದ್ಯಗಳ ಮೇಳದೊಂದಿಗೆ, ಸ್ಪ್ಯಾನಿಷಿನಲ್ಲಿಯೇ ಹಾಡಿದ. ಭಾಷೆ ಮರೆತ ಮಗನ ಬಾಯಲ್ಲಿ ಅಜ್ಜಂದಿರ ಹಾಡು ನಿಂತಿತು. ಮುಂದಿನ ವರ್ಷ ಫೆಬ್ರವರಿ 3ರಂದು ವಿಮಾನ ದುರಂತದಲ್ಲಿ ಅವನು ಮಡಿದ. ಆಗ ಅವನಿಗೆ ಹದಿನೇಳೇ ವರ್ಷ.

ಚಿತ್ರದ ಜೀವಾಳವಾದರೋ ರಿಚೀ ಮತ್ತು ಅವನ ಅಣ್ಣ ಬಾಬ್, ಇವರಿಬ್ಬರ ಸಂಬಂಧ. ತಾಯಿ ಒಬ್ಬಳೇ, ತಂದೆ ಬೇರೆ. ತಮ್ಮನ ಏಳಿಗೆಯ ಬಗ್ಗೆ ಅಣ್ಣನಿಗೆ ಹೆಮ್ಮೆಯೂ ಇದೆ, ಒಳಗೊಳಗೇ ಉರಿಯೂ ಇದೆ. ಗಡಿ ದಾಟಿಸಿ ತಮ್ಮನನ್ನು ಮೆಕ್ಸಿಕೋದ ನೆಲಕ್ಕೆ ಕರೆದೊಯ್ಯುವವನೂ ಆ ಅಣ್ಣನೇ. ಕೊನೆಯಲ್ಲಿ ತಮ್ಮ ಸತ್ತ ಸುದ್ದಿ ಕೇಳಿ ಅವನ ಹೆಸರು ಹಿಡಿದು ಗಟ್ಟಿಯಾಗಿ ಕೂಗುವವನೂ ಅವನೇ. ನಿರ್ದೇಶಕ ಲೂಯಿಸ್ ವಾಲ್ಡೆಜ್ ಅವರೂ ರಂಗಭೂಮಿಯಿಂದ ಬಂದವರೇ. 1965ರಲ್ಲಿ ಹೊಲಗಳ ಕೂಲಿಕಾರರ ನಡುವೆ ನಾಟಕ ಮಂಡಳಿ ಕಟ್ಟಿದವರು. ನಾಯಕನ ಪಾತ್ರ ವಹಿಸಿದ ನಟನಿಗೆ ಫಿಲಿಪ್ಪೀನ್ಸ್ ದೇಶದ ರಕ್ತಸಂಬಂಧ. ಹಾಡಿಗೆ ದನಿ ಕೊಟ್ಟದ್ದು ಲೋಸ್ ಲೋಬೋಸ್ ಎಂಬ ಮೆಕ್ಸಿಕನ್ ಅಮೆರಿಕನ್ನರ ತಂಡ. ಅವರ ದನಿಯಲ್ಲಿ ಆ ಹಳೆಯ ಹಾಡು 1987ರಲ್ಲಿ ಅಮೆರಿಕದಲ್ಲೆಲ್ಲ ಮೊದಲ ಸ್ಥಾನ ಪಡೆಯಿತು. ತಮ್ಮ ಮೂಲವನ್ನು ಹೇಳಿಕೊಳ್ಳಲು ಸಂಕೋಚಪಡುತ್ತಿದ್ದ ಎಷ್ಟೋ ಮನೆಗಳ ಮಕ್ಕಳು ಆ ಚಿತ್ರ ಬಂದ ಬಳಿಕ ತಲೆಯೆತ್ತಿ ಅದನ್ನು ಹಾಡಿದರೆಂದು ಆ ಗೆಳೆಯ ಹೇಳುತ್ತಾನಂತೆ.

ನಮ್ಮ ಗವಾಯಿಗಳ ಬದುಕು ತಪಸ್ಸಿನದು, ಆ ತರುಣನ ಬದುಕು ಬೇರೆಯ ಬಗೆಯದು. ಎರಡನ್ನೂ ಸಮಗೊಳಿಸುವುದು ನನ್ನ ಉದ್ದೇಶವಲ್ಲ. ಆದರೆ ನೆಲ ಬಿಟ್ಟು ಹೋದ ಜನಕ್ಕೆ ಹಾಡೊಂದು ಹೇಗೆ ಮನೆಯ ದಾರಿ ತೋರುತ್ತದೆ ಎಂಬುದು ಎರಡರಲ್ಲಿಯೂ ಒಂದೇ. ಆ ದಾರಿಯಲ್ಲಿ ಮೊದಲು ಸಿಗುವವನು ಒಡಹುಟ್ಟಿದವನು ಎಂಬುದೂ ಒಂದೇ.

ಮೂಡುಬಿದಿರೆಯ ಕವಿಯ ಮಾತು

ಒಡಹುಟ್ಟಿದವರ ಮಾತು ಬಂದಾಗ ಆ ನೆಲದ ಕವಿಯೊಬ್ಬನನ್ನು ನೆನೆಯದೆ ಇರಲಾಗದು. ಹದಿನಾರನೆಯ ಶತಮಾನದಲ್ಲಿ ಮೂಡುಬಿದಿರೆಯಲ್ಲಿ ಬಾಳಿದ ರತ್ನಾಕರವರ್ಣಿ ಜೈನ ಕವಿ. ಆತ ಕೆಲಕಾಲ ವೀರಶೈವ ಮತವನ್ನು ಸ್ವೀಕರಿಸಿ ಮತ್ತೆ ಸ್ವಮತಕ್ಕೆ ಮರಳಿದನೆಂಬ ಐತಿಹ್ಯ ಪ್ರಸಿದ್ಧವಾಗಿದೆ. ಹಾಡಿಕೊಳ್ಳಲು ಹೇಳಿ ಮಾಡಿಸಿದ ಸಾಂಗತ್ಯ ಛಂದಸ್ಸಿನಲ್ಲಿ ಆತ ರಚಿಸಿದ 'ಭರತೇಶ ವೈಭವ' ಭರತ ಬಾಹುಬಲಿಗಳೆಂಬ ಅಣ್ಣತಮ್ಮಂದಿರ ಕಥೆ. ರಾಜ್ಯಕ್ಕಾಗಿ ಆ ಇಬ್ಬರೂ ಎದುರುಬದುರಾಗಿ ನಿಂತರು. ಪಂಪನ 'ಆದಿಪುರಾಣ'ದಲ್ಲಿ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳು ನಡೆಯುತ್ತವೆ. ರತ್ನಾಕರನಲ್ಲಾದರೋ ಅಣ್ಣ ತಮ್ಮನ ಮೇಲೆ ಕೈಮಾಡುವುದಿಲ್ಲ. ಮೃದುವಾದ ಮಾತಿನಿಂದಲೇ ತಮ್ಮನ ಮನಸ್ಸನ್ನು ಕರಗಿಸುತ್ತಾನೆ. ನೆಲದ ವ್ಯಾಜ್ಯವನ್ನು ಮಾತಿನಿಂದ ಬಿಡಿಸಬಹುದೆಂದು ನಂಬಿದ ಕವಿಯ ಊರದು. ಅದೇ ಸೀಮೆಯ ಬೆಳ್ತಂಗಡಿ ತಾಲ್ಲೂಕಿನಲ್ಲಿ ಇಬ್ಬರು ಬಾಹುಬಲಿಗಳು ನಿಂತಿದ್ದಾರೆ. ವೇಣೂರಿನಲ್ಲಿ 1604ರಲ್ಲಿ ಸ್ಥಾಪನೆಗೊಂಡ ಮೂರ್ತಿ ಒಂದು, ಧರ್ಮಸ್ಥಳದಲ್ಲಿ 1982ರಲ್ಲಿ ಪ್ರತಿಷ್ಠೆಗೊಂಡ ಮೂರ್ತಿ ಇನ್ನೊಂದು. ಗೆದ್ದೂ ಬಿಟ್ಟುಕೊಟ್ಟ ತಮ್ಮನ ವಿಗ್ರಹವನ್ನು ದಿನವೂ ಬಸ್ಸಿನ ಕಿಟಕಿಯಿಂದ ನೋಡುವವರು ನಾವು. ನೋಡಿ ಕಲಿತದ್ದೆಷ್ಟು?

ಹೀಗೆ ಕೇಳಲು ಕಾರಣವಿದೆ. ಆ ರಾತ್ರಿ ಚಿತ್ರ ನೋಡಲು ಬಂದವರಲ್ಲಿ ಹಾನಗಲ್ ತಾಲ್ಲೂಕಿನ ಒಂದೇ ಮನೆಯ ಅಣ್ಣತಮ್ಮಂದಿರಿದ್ದರು. ಅಣ್ಣ ಬಂಟ್ವಾಳದ ಬಳಿ ನೆಲೆಸಿದ ಬಸ್ ಚಾಲಕ, ತಮ್ಮ ಬೆಳ್ತಂಗಡಿ ತಾಲ್ಲೂಕಿನ ಶಾಲೆಯೊಂದರ ಶಿಕ್ಷಕ. ಊರಿನ ನಾಲ್ಕು ಎಕರೆ ಹೊಲದ ವಿಷಯದಲ್ಲಿ ಮಾತು ಬಿಟ್ಟು ಒಂಬತ್ತು ವರ್ಷಗಳಾಗಿದ್ದವು. ತಾಯಿ ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ. ಇಬ್ಬರೂ ಬರುತ್ತಾರೆಂದು ಇಬ್ಬರಿಗೂ ತಿಳಿದಿರಲಿಲ್ಲ. ಕೋಣೆಯ ಎರಡು ಮೂಲೆಗಳಲ್ಲಿ ಕುಳಿತು ಚಿತ್ರ ನೋಡಿದರು.

ಮುಗಿದ ಮೇಲೆ ಅಣ್ಣ ಎದ್ದು ಹೊರಟ. ಬಾಗಿಲ ಬಳಿ ನಿಂತು, ಯಾರಿಗೆಂದು ಹೇಳದೆ, "ಸಣ್ಣಾವಿದ್ದಾಗ ಇವಗ ಇರುಳಗಣ್ಣು ಇತ್ರಿ. ಕತ್ತಲಾದ್ರ ನನ್ನ ಕೈ ಬಿಡ್ತಿರಲಿಲ್ಲ" ಎಂದ. ತಮ್ಮ ತಲೆ ಎತ್ತಲಿಲ್ಲ. ಅಷ್ಟೇ ನಡೆದದ್ದು. ಮನೆಯ ತಾಯಿ ಇಬ್ಬರಿಗೂ ಪ್ರಸಾದಕ್ಕೆ ಎಲೆ ಹಾಕಿದರು. ಒಂದೇ ಸಾಲಿನಲ್ಲಿ ಹಾಕಿದರು.

ನಾನೂ ಆ ಹೊತ್ತು ಉಪದೇಶ ಮಾಡುವ ಸ್ಥಿತಿಯಲ್ಲಿರಲಿಲ್ಲ. ಒಂಬತ್ತು ವರ್ಷದವನಿದ್ದಾಗ ನನ್ನನ್ನು ಮಠಕ್ಕೆ ತಂದು ಬಿಟ್ಟವನು ನನ್ನ ಅಣ್ಣ. ನನ್ನ ಟ್ರಂಕನ್ನು ತಲೆಯ ಮೇಲೆ ಹೊತ್ತು ಹನ್ನೆರಡು ಮೈಲು ನಡೆದು ಬಂದಿದ್ದ. ಮರಳಿ ಹೋಗಿ ಶಾಲೆ ಬಿಟ್ಟು ನೇಗಿಲು ಹಿಡಿದ. ನಾನು ಓದಿದೆ, ಶಾಸ್ತ್ರಿಯೆನಿಸಿಕೊಂಡೆ, ಊರೂರಿಗೆ ಹೋಗಿ ಸೋದರಭಾವದ ಮೇಲೆ ಮಾತನಾಡಿದೆ. ಅವನಿಗೆ ವರ್ಷಕ್ಕೊಂದು ಕಾಗದ ಬರೆಯಲು ನನಗೆ ಬಿಡುವಾಗಲಿಲ್ಲ. ಈಗ ಬರೆಯಲು ಅವನಿಲ್ಲ. ಇದನ್ನು ಬರೆಯುತ್ತಿರುವುದು ನನ್ನ ದುಃಖವನ್ನು ತೋಡಿಕೊಳ್ಳುವುದಕ್ಕಲ್ಲ. ಓದುವವರಲ್ಲಿ ಯಾರಿಗಾದರೂ ಇನ್ನೂ ಕಾಲ ಮಿಂಚಿಲ್ಲದಿದ್ದರೆ ಎಂಬ ಆಸೆಗಾಗಿ.

ಮನೆಗಳಲ್ಲಿ ಮಾಡಬಹುದಾದುದು

ಕಡಲ ಸೀಮೆಯಲ್ಲಿ ನಾವು ಪರಕೀಯರೆಂದು ಭಾವಿಸುವುದಕ್ಕೆ ಕಾರಣವಿಲ್ಲ. ವೀರಶೈವ ಧರ್ಮಾವಲಂಬಿಗಳಾಗಿದ್ದ ಕೆಳದಿಯ ಅರಸರು ಈ ತುಳುನಾಡನ್ನು ದೀರ್ಘಕಾಲ ಆಳಿದರು. 1763ರಲ್ಲಿ ಹೈದರಾಲಿಯಿಂದ ಆ ರಾಜ್ಯ ಅಳಿಯಿತು. ಆ ವಂಶದ ಬಸವಪ್ಪ ನಾಯಕನು ಸಂಸ್ಕೃತದಲ್ಲಿ ರಚಿಸಿದ 'ಶಿವತತ್ತ್ವರತ್ನಾಕರ' ಎಂಬ ವಿಶ್ವಕೋಶದಲ್ಲಿ ಸಂಗೀತಶಾಸ್ತ್ರಕ್ಕೂ ಸ್ಥಾನವಿದೆ. ನಾವು ಇಲ್ಲಿಗೆ ಬಂದ ಮೊದಲಿಗರಲ್ಲ. ಆದರೆ ಹಳೆಯ ವೈಭವವನ್ನು ಹೇಳಿಕೊಂಡು ಕೂಡುವುದರಿಂದ ಮಕ್ಕಳ ಎದೆಗೆ ಲಿಂಗ ಇಳಿಯದು.

ಆದ್ದರಿಂದ ಮಠಗಳಿಂದ ದೂರವಿರುವ ಊರುಗಳ ಗೃಹಸ್ಥರಲ್ಲಿ ನನ್ನ ವಿನಂತಿ ಇಷ್ಟು. ತಿಂಗಳಿಗೊಂದು ಸಂಜೆ ಎರಡು ಮೂರು ಮನೆಯವರು ಒಂದೆಡೆ ಕೂಡಿರಿ. ದೊಡ್ಡ ಸಭೆ, ಹಾರ ತುರಾಯಿ ಏನೂ ಬೇಡ. ಮಕ್ಕಳಿಂದ ಒಂದೆರಡು ವಚನಗಳನ್ನು ಹಾಡಿಸಿರಿ. ಶ್ರುತಿ ತಪ್ಪಿದರೂ ಚಿಂತೆಯಿಲ್ಲ. ಬಸವರಾಜ ರಾಜಗುರು, ಮಲ್ಲಿಕಾರ್ಜುನ ಮನಸೂರರು ಹಾಡಿದ ವಚನಗಳನ್ನು ಕೇಳಿಸಿರಿ. ನಿಮ್ಮ ಊರಿನ ಹೆಸರು, ಮನೆತನದ ಹೆಸರು, ಅಜ್ಜ ಅಜ್ಜಿಯರ ಕಾಯಕ ಇವುಗಳನ್ನು ಬಾಯಿಬಿಟ್ಟು ಹೇಳಿರಿ. ನಾವು ಹೇಳದೆ ಹೋದುದನ್ನು ಮಕ್ಕಳು ಮರೆತರೆಂದು ದೂರುವುದು ನ್ಯಾಯವಲ್ಲ. ರಜೆಯಲ್ಲಿ ಊರಿಗೆ ಹೋದಾಗ ಒಂದು ದಿನ ಗದುಗಿನ ಪುಣ್ಯಾಶ್ರಮಕ್ಕೂ ಕರೆದೊಯ್ಯಿರಿ. ಅಂಧ ಬಾಲಕನೊಬ್ಬ ತಂಬೂರಿಯ ಮುಂದೆ ಕುಳಿತು ಸ್ವರ ಹಚ್ಚುವುದನ್ನು ಅವರು ತಮ್ಮ ಕಣ್ಣಿನಿಂದ ಕಾಣಲಿ. ನೂರು ಪ್ರವಚನಗಳು ಮಾಡದ ಕೆಲಸವನ್ನು ಆ ಒಂದು ನೋಟ ಮಾಡೀತು. ಎಲ್ಲಕ್ಕೂ ಮೊದಲಾಗಿ, ಮಾತು ಬಿಟ್ಟ ಅಣ್ಣನೋ ತಮ್ಮನೋ ಇದ್ದರೆ ಆ ಸಂಜೆಗೆ ಅವರನ್ನೂ ಕರೆಯಿರಿ. ದಾಸೋಹದ ಪಂಕ್ತಿಗೆ ಮನೆಯವನನ್ನೇ ಬಿಟ್ಟು ಪರರನ್ನು ಕೂಡಿಸುವುದು ಶೋಭಿಸದು.

ಮೊನ್ನೆ ಜೂನ್ ತಿಂಗಳಲ್ಲಿ ಬಂಟ್ವಾಳದ ಆ ಚಾಲಕರಿಂದ ದೂರವಾಣಿ ಬಂತು. ಗವಾಯಿಗಳ ಪುಣ್ಯಸ್ಮರಣೆಗೆಂದು ತಾಯಿಯನ್ನು ಕರೆದುಕೊಂಡು ಗದುಗಿಗೆ ಹೋಗಿದ್ದೆನೆಂದರು. ಒಬ್ಬರೇ ಹೋಗಿದ್ದಿರಾ ಎಂದು ಕೇಳಿದೆ. "ಇಲ್ರಿ ಶಾಸ್ತ್ರಿಗಳ, ಮೂರು ಟಿಕೀಟು ತಗಸಿದ್ದೆ. ತಮ್ಮ ಬಂದಿದ್ದ" ಎಂದರು. ಹೊಲದ ದಾವೆ ಇನ್ನೂ ಮುಗಿದಿಲ್ಲ. ಮಾತು ಮೊದಲಾಗಿದೆ.

ಮೂಡುಬಿದಿರೆಯ ಆ ಹುಡುಗಿ ಈಗ ಹಾರ್ಮೋನಿಯಂ ಕಲಿಯುತ್ತಿದ್ದಾಳೆಂದೂ, ಸ್ನಾನದ ನಂತರ ಲಿಂಗವನ್ನು ಜಗಲಿಯಿಂದ ಇಳಿಸಿ ಧರಿಸುವುದನ್ನು ಯಾರೂ ಹೇಳದೆ ತಾನೇ ಆರಂಭಿಸಿದ್ದಾಳೆಂದೂ ಆಕೆಯ ತಾಯಿ ತಿಳಿಸಿದ್ದಾರೆ. ಕಾಡಶೆಟ್ಟಿಹಳ್ಳಿಯ ಇಬ್ಬರು ಅಂಧ ಬಾಲಕರ ದನಿ ನೂರಕ್ಕೂ ಮಿಕ್ಕಿದ ವರ್ಷಗಳನ್ನು ದಾಟಿ, ಘಟ್ಟವನ್ನೂ ಇಳಿದು, ಆ ಮಗುವನ್ನು ಮುಟ್ಟಿದೆ. ಗುರು ಕುಮಾರೇಶನ ಕೃಪೆ ನಮ್ಮೆಲ್ಲರ ಮನೆಗಳ ಮೇಲಿರಲಿ.

ಶರಣು ಶರಣಾರ್ಥಿ.